ಬಸವನಹುಳುಗಳ ನಡುವೆ ಒಂದು ‘ಹೂಂ’

ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ‘ತರಲೆ’ ಅಂತಲೇ. ಕಾಲೇಜಿನಲ್ಲಿ ಜೀವಶಾಸ್ತ್ರದ ಎರಡನೇ ವರ್ಷಕ್ಕೆ ಬಂದರೂ ಹೆಸರು ಬದಲಾಗಲಿಲ್ಲ. ಪುಸ್ತಕದ ಚೀಲದಲ್ಲಿ ಸದಾ ಒಂದು ಹಿಡಿ ಸೊಪ್ಪು ಇಟ್ಟುಕೊಂಡು ಓಡಾಡುವವಳಿಗೆ ಇನ್ನೇನು ಹೆಸರು ಒಪ್ಪುತ್ತದೆ? ಆ ಸೊಪ್ಪು ಕಾಲೇಜಿನ ಬಸವನಹುಳುಗಳಿಗೆ. ಅವಳೂ ಅವಳ ಮೇಡಮ್ಮೂ ಸೇರಿ ಅವುಗಳಿಗೆ ವಾಸನೆ ನೆನಪಿರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದರು.

ಈಗ ದೂರದ ಊರಿನ ದೊಡ್ಡ ವಿಶ್ವವಿದ್ಯಾಲಯ ಅವಳಿಗೆ ‘ನಮ್ಮಲ್ಲಿಗೆ ಬಾ’ ಎಂದಿತ್ತು. ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ, ಅದನ್ನು ಇವತ್ತು ಸಂಜೆಯೊಳಗೆ ತಿಳಿಸಬೇಕಿತ್ತು. ಹೋದರೆ ಇಲ್ಲಿ ಓದಿದ ಒಂದು ವರ್ಷ ಅಲ್ಲಿ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ ಶುರು. ಹೋಗದಿದ್ದರೆ... ಹೋಗದಿದ್ದರೆ ಏನು ಅಂತ ಯೋಚಿಸಲು ಹೊರಟಾಗಲೆಲ್ಲ ಅವಳಿಗೆ ಹೋದ ವಾರ ಅಲ್ಲಿ ನೋಡಿದ ಮೀನಿನ ಮೊಟ್ಟೆ ನೆನಪಾಗಿ ನಗು ಬಂದುಬಿಡುತ್ತಿತ್ತು.

ಬೆಳಿಗ್ಗೆ ಅಪ್ಪನನ್ನೇ ಒಂದು ಮಾತು ಕೇಳೋಣ ಅಂತ ಅಂಗಡಿಗೆ ಹೋದಳು. ಅಪ್ಪನದು ಕಟಿಂಗ್ ಶಾಪು. ಅಲ್ಲಿಗೆ ಹೋದದ್ದೇ ತಪ್ಪಾಯಿತು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಅಪ್ಪ ಬಂದಬಂದ ಗಿರಾಕಿಗಳಿಗೆಲ್ಲ ವಿಷಯ ಹಂಚಿಬಿಟ್ಟಿದ್ದ.

“ಬಂದ್ಳು ನೋಡಿ, ಇವಳೇ!” ಎಂದ ಅಪ್ಪ, ಕತ್ತರಿ ಮೇಲೆತ್ತಿ.

ಕುರ್ಚಿಯಲ್ಲಿದ್ದ ನಿವೃತ್ತ ಪೋಸ್ಟ್ ಮಾಸ್ತರರು ಸೋಪಿನ ನೊರೆಯೊಳಗಿಂದಲೇ, “ಹೋಗಬೇಡಮ್ಮ, ಒಂದು ವರ್ಷ ಅಂದ್ರೆ ಹುಡುಗಾಟವಾ?” ಎಂದರು. ನೊರೆ ಕನ್ನಡಿಗೆ ಸಿಡಿಯಿತು.

“ಹೋಗಲಿ ಬಿಡಿ ಸಾರ್, ನಾವಂತೂ ಎಲ್ಲಿಗೂ ಹೋಗಲಿಲ್ಲ,” ಎಂದ ಬೆಂಚಿನ ಮೇಲಿದ್ದ ಪೇಂಟರ್. “ಅದ್ಸರಿ, ಜೀವಶಾಸ್ತ್ರ ಓದಿದ್ರೆ ನನ್ನ ಬೊಕ್ಕತಲೆಗೆ ಏನಾದ್ರೂ ದಾರಿ ಇದೆಯಾ?”

“ಅದಕ್ಕೆ ದಾರಿ ಇದ್ರೆ ನನ್ನ ಅಂಗಡಿ ಉದ್ಧಾರ ಆಗ್ತಿತ್ತಲ್ಲೋ!” ಎಂದು ಅಪ್ಪ ನಕ್ಕ. ಆಮೇಲೆ ಮಗಳ ಕಡೆ ತಿರುಗಿ ದನಿ ತಗ್ಗಿಸಿದ. “ನಂಗೆ ಇದೆಲ್ಲ ತಿಳಿಯಲ್ಲ ಮಗಳೇ. ನೀನು ಇಲ್ಲೇ ಇದ್ರೆ ನಂಗೆ ಖುಷಿ. ಆದ್ರೆ ನನ್ನ ಖುಷಿಗೆ ಅಂತ ಇರಬೇಡ. ಆಮೇಲೆ ನೀನು ಮುಖ ಊದಿಸ್ಕೊಂಡ್ರೆ ಆ ಖುಷಿಯೂ ಕೆಡುತ್ತೆ.”

ಅಲ್ಲಿಂದ ಹೊರಟವಳು ಕಾಲೇಜಿನವರೆಗೂ ಮೇಡಂ ಎದುರು ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಸ್ವಲ್ಪ ದೂರ ಸರಿದು ಕೂತಳು.

ಪ್ರಯೋಗಾಲಯದ ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ನೆಲದಿಂದ ಒಂದು ದನಿ ಬಂತು. “ಬಾಗಿಲು ಹಾಕು! ಕಾಲಿಡೋ ಮುಂಚೆ ಕೆಳಗೆ ನೋಡು!”

ಮೇಡಂ ಬೆಂಚಿನ ಕೆಳಗೆ ಅಂಗಾತ ಮಲಗಿದ್ದರು. ಕನ್ನಡಕ ಹಣೆಯ ಮೇಲಿತ್ತು, ಕೂದಲಲ್ಲಿ ಜೇಡರ ಬಲೆ.

“ಏನಾಯ್ತು ಮೇಡಂ?”

“ಓಡಿಹೋಗಿವೆ.”

“ಯಾರು?”

“ಬಸವನಹುಳುಗಳು! ನಿನ್ನೆ ಮುಚ್ಚಳ ಸರಿಯಾಗಿ ಹಾಕಲಿಲ್ಲ ನಾನು.”

ಬಸವನಹುಳು ಓಡಿಹೋಗುವುದು ಅಂದರೇನು! ತರಲೆಗೆ ನಗು ಒತ್ತರಿಸಿ ಬಂತು. ಆದರೆ ನಿಜವಾಗಿಯೂ ಓಡಿಹೋಗಿದ್ದವು. ಒಂದು ಕಪ್ಪುಹಲಗೆ ಹತ್ತಿ, ಬರೆದಿಟ್ಟಿದ್ದ ಜೀವಕೋಶದ ಚಿತ್ರದ ನಡುವೆ ದಾರಿ ಮಾಡಿಕೊಂಡು ಹೋಗುತ್ತಿತ್ತು. ಇನ್ನೊಂದು ಗಡಿಯಾರದ ಮುಳ್ಳಿನ ಪಕ್ಕ ಕೂತಿತ್ತು. ಇಬ್ಬರೂ ಮಂಡಿಯೂರಿ ತೆವಳುತ್ತ ಹುಡುಕತೊಡಗಿದರು. ಮೇಡಂ ಒಂದನ್ನು ಹಿಡಿದಾಗಲೆಲ್ಲ, “ಸಿಕ್ಕಿಬಿದ್ದೆಯಾ ಕಳ್ಳ!” ಎನ್ನುತ್ತಿದ್ದರು.

ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಯಿತು. ಬೀರುವಿನ ಸಂದಿಗೆ ಕೈ ಹಾಕಿಕೊಂಡೇ ಅವಳು, “ಮೇಡಂ, ದೊಡ್ಡ ವಿಶ್ವವಿದ್ಯಾಲಯದವರು ಕರೆದಿದ್ದಾರೆ. ಇವತ್ತೇ ಹೇಳಬೇಕು,” ಎಂದುಬಿಟ್ಟಳು.

ಮೇಡಂ ಮತ್ತೆ ಬೆಂಚಿನ ಕೆಳಗೆ ಅಂಗಾತ ಮಲಗಿದರು.

“ನೀನು ಹೋದ್ರೆ ನಂಗೆ ಕಷ್ಟ,” ಎಂದರು ಅಲ್ಲಿಂದಲೇ. “ಸುಳ್ಳು ಯಾಕೆ ಹೇಳಲಿ? ಈ ಕೆಲಸಕ್ಕೆ ಇನ್ನೊಬ್ಬರು ಸಿಗಲ್ಲ. ಅಲ್ಲಿ ಅಂಥದ್ದೇನು ನೋಡಿದೆ?”

ತರಲೆ ತಾನೂ ಬೆಂಚಿನಡಿಗೆ ತೂರಿ ಹೇಳತೊಡಗಿದಳು. ಹೋದ ವಾರ ಅಣ್ಣನ ಜೊತೆ ನೋಡಿಬರಲು ಹೋಗಿದ್ದು, ಅಲ್ಲಿ ಸಂಶೋಧನೆ ಮಾಡುತ್ತಿದ್ದ ಅಕ್ಕನೊಬ್ಬಳು ಸುಮ್ಮನೆ “ಇಣುಕಿ ನೋಡು” ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದು. “ಮೀನಿನ ಮೊಟ್ಟೆ ಮೇಡಂ, ಗಾಜಿನ ಹಾಗೆ! ಒಳಗೆ ಮರಿ ಸುರುಳಿ ಸುತ್ಕೊಂಡಿದೆ. ಎದೆ ಹತ್ರ ಏನೋ ಒಂದು ಚೂರು ನಡುಗ್ತು. ನಿಂತಿತು. ಮತ್ತೆ ನಡುಗ್ತು. ಆಮೇಲೆ ನಿಲ್ಲಲೇ ಇಲ್ಲ! ಅದರ ಹೃದಯ ಆಗಷ್ಟೇ ಶುರುವಾಯ್ತು ಮೇಡಂ, ನನ್ನ ಕಣ್ಣೆದುರಿಗೇ! ನಾನು ‘ಅಯ್ಯೋ, ಹೊಡ್ಕೊಳ್ತಿದೆ!’ ಅಂತ ಕಿರುಚಿದೆ. ಎಲ್ಲರೂ ಓಡಿಬಂದ್ರು. ಅಣ್ಣ ಎಲ್ಲೋ ಬೆಂಕಿ ಬಿತ್ತು ಅಂದ್ಕೊಂಡ...”

ಹೇಳುವ ಭರದಲ್ಲಿ ಎದ್ದಳು, ಬೆಂಚಿಗೆ ತಲೆ ಠಣ್ಣನೆ ಬಡಿಯಿತು. ಬೆಂಚಿನಡಿಗೆ ಅಂಟಿಕೊಂಡಿದ್ದ ಹುಳುವೊಂದು ಕಳಚಿ ಮೇಡಂ ಹೊಟ್ಟೆಯ ಮೇಲೆ ಬಿತ್ತು. ಮೇಡಂ ನಗತೊಡಗಿದರು. ಹುಳು ಅವರ ಹೊಟ್ಟೆಯ ಮೇಲೆ ಕುಣಿಯುತ್ತಿತ್ತು. ಇವಳೂ ತಲೆ ಉಜ್ಜಿಕೊಳ್ಳುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಹೂಂ ಅಂತೀನಿ ಮೇಡಂ,” ಎಂದಳು ಉಸಿರು ಸಿಕ್ಕಾಗ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

“ಅನ್ನು. ಈಗಲೇ ಅನ್ನು. ಕೈ ತೊಳ್ಕೊಂಡು ಅನ್ನು.”

ಕೈ ತೊಳೆದು, ಫೋನು ತೆಗೆದು, ಹೂಂ ಎಂದು ಕಳಿಸಿದಳು. ಮೇಡಂ ಎದ್ದು ಕೂತು ಕನ್ನಡಕ ಇಳಿಸಿಕೊಂಡರು. “ರಜೆಗೆ ಬಂದಾಗ ಸೀದಾ ಇಲ್ಲಿಗೆ ಬರಬೇಕು. ಇಲ್ಲಾಂದ್ರೆ ಇವುಗಳಿಗೆ ನಿನ್ನ ವಾಸನೆ ಮರೆತುಹೋಗುತ್ತೆ,” ಎಂದು ಬೇಗ ಆ ಕಡೆ ತಿರುಗಿದರು.

ಸಂಜೆ ಹೊರಗೆ ಬಂದರೆ ಗೇಟಿನ ಹತ್ತಿರ ಅಣ್ಣನ ವ್ಯಾನು ನಿಂತಿತ್ತು. ಮನೆಸಾಮಾನು ಸಾಗಿಸುವುದು ಅವನ ಕೆಲಸ. ಹಿಂದಿನ ತೆರೆದ ಭಾಗದಲ್ಲಿ ಯಾರದೋ ಹೊಸ ಸೋಫಾ ಕಟ್ಟಿದ್ದ. ತಂಗಿಯ ಮುಖ ನೋಡಿದವನೇ, “ಹೂಂ ಅಂದ್ಯಾ?” ಎಂದ. ಅವಳು ತಲೆ ಆಡಿಸಿದ್ದೇ ತಡ, ರಸ್ತೆಯವರೆಲ್ಲ ತಿರುಗಿ ನೋಡುವ ಹಾಗೆ ಹಾರನ್ ಒತ್ತಿದ.

“ಮತ್ತೆ ಮೊದಲನೇ ವರ್ಷ ಕೂರಬೇಕಲ್ಲೋ ಅಣ್ಣ,” ಎಂದಳು, ಸಣ್ಣ ಮುಖ ಮಾಡಿ.

“ಅದಕ್ಕೇನು? ನಾನು ಹತ್ತನೇ ಕ್ಲಾಸಲ್ಲಿ ಎಷ್ಟು ಸಲ ಕೂತಿದ್ದೆ, ಕೇಳು. ಕೊನೆಕೊನೆಗೆ ಮೇಷ್ಟ್ರು ನನ್ನನ್ನೇ ಪಾಠ ಮಾಡು ಅಂತಿದ್ರು.”

ಅವಳು ಮುಂದಿನ ಸೀಟು ಹತ್ತಲಿಲ್ಲ. ಹಿಂದೆ ಹತ್ತಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಸೋಫಾದ ನಟ್ಟನಡುವೆ ಮಹಾರಾಣಿಯ ಹಾಗೆ ಕೂತಳು.

“ಇಳಿಯೇ, ಗಿರಾಕಿಯದು ಅದು!”

“ನಿಧಾನಕ್ಕೆ ಓಡಿಸು,” ಎಂದಳು ತರಲೆ. “ಅಪ್ಪನ ಅಂಗಡಿ ಮುಂದೆ ಇನ್ನೂ ನಿಧಾನ.”

ಅಣ್ಣ ಗೊಣಗುತ್ತಲೇ ಗಾಡಿ ಶುರು ಮಾಡಿದ. ಸಂಜೆಯ ಗಾಳಿಗೆ ಪ್ಲಾಸ್ಟಿಕ್ಕು ಪಟಪಟ ಬಡಿದುಕೊಳ್ಳುತ್ತಿತ್ತು. ಅವಳು ಎರಡೂ ಕೈ ಚಾಚಿ ಒರಗಿ, ಗುರುತಿದ್ದವರಿಗೂ ಇಲ್ಲದವರಿಗೂ ಕೈಬೀಸುತ್ತ ಹೋದಳು.