ಎದುರು ತಂಡದ ಕಡೆ

ಬಿದ್ದಿದ್ದ ಏಳನೇ ನಂಬರಿನವನು ಎದ್ದ. ಚಡ್ಡಿಗೆ ಅಂಟಿದ್ದ ಹುಲ್ಲನ್ನು ಕೊಡವಿಕೊಂಡ. ಆಮೇಲೆ ಏನೂ ಆಗದವನ ಹಾಗೆ ನೆಟ್ಟಗೆ ನಡೆದು ಹೋಗಿ ಎದುರು ತಂಡದವರ ಸಾಲಿನಲ್ಲಿ ನಿಂತುಕೊಂಡ. ಅಷ್ಟೂ ಕೆಂಪು ಅಂಗಿಗಳ ನಡುವೆ ಅವನದೊಂದು ಹಸಿರು ಅಂಗಿ.

ಆಂಟಣಿಯ ರಬ್ಬರ್ ಶೀಟಿನ ಗೋದಾಮಿನಲ್ಲಿ ಟಿ.ವಿ. ಮುಂದೆ ಕೂತಿದ್ದ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕುಕ್ಕಪ್ಪಣ್ಣ, ಇದು ನಮ್ಮ ತ್ಯಾಂಪಣ್ಣನ ಕಥೆಯೇ ಆಯ್ತಲ್ಲ ಮಾರಾಯ್ರೆ," ಎಂದ ನಿಝಾಮ್. "ಒಮ್ಮೆ ಹೇಳಿ, ಕೇಳುವ."

ನೆಲ್ಯಾಡಿ ಪೇಟೆಯಿಂದ ಸ್ವಲ್ಪ ಒಳಗಿರುವ ಈ ಗೋದಾಮಿಗೆ ರಗ್ಬಿ ಬಂದದ್ದು ಯಾರ ಆಸೆಯಿಂದಲೂ ಅಲ್ಲ. ತೋಟದ ಯಜಮಾನ, ಕೇರಳ ಮೂಲದ ಆಂಟಣಿ ಫುಟ್ಬಾಲ್ ನೋಡಲೆಂದು ಇಡೀ ವರ್ಷದ ಪ್ಯಾಕೇಜು ಹಾಕಿಸಿದ್ದ. ಫುಟ್ಬಾಲ್ ಬರುವುದು ಊರೆಲ್ಲ ಮಲಗಿದ ಮೇಲೆ. ಬೆಳಗಿನ ನಾಲ್ಕಕ್ಕೆ ಎದ್ದು ರಬ್ಬರ್ ಮರ ಕೆತ್ತುವ ಟ್ಯಾಪಿಂಗಿಗೆ ಹೋಗುವವರಿಗೆ ಅದು ಊಟ ಮುಗಿದ ಮೇಲೆ ಬಂದ ಉಪ್ಪಿನಕಾಯಿ. ನ್ಯೂಜಿಲೆಂಡಿನ ರಗ್ಬಿಯಾದರೋ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆಲ್ಲ ಶುರು. ಅಷ್ಟು ಹೊತ್ತಿಗೆ ಮರಕ್ಕೆ ಕಟ್ಟಿದ ಚಿಪ್ಪುಗಳಿಂದ ಹಾಲು ತೆಗೆದು, ಶೀಟು ಒತ್ತಿ, ಕೈ ತೊಳೆದು ಆಗಿರುತ್ತದೆ. ರಬ್ಬರಿನವರ ಅನುಕೂಲ ನೋಡಿಯೇ ದೇವರು ಆ ದೇಶವನ್ನು ಅಷ್ಟು ದೂರ ಇಟ್ಟದ್ದೆಂದು ಆಂಟಣಿ ಹೇಳುತ್ತಿದ್ದ. ದುಡ್ಡು ಕೊಟ್ಟದ್ದನ್ನು ನೋಡದೆ ಬಿಡುವ ಜಾತಿ ಅವನದಲ್ಲ.

ಮೊದಮೊದಲು ಯಾರಿಗೂ ತಲೆಬುಡ ಗೊತ್ತಾಗಿರಲಿಲ್ಲ. ಓಡುವುದು ಮುಂದಕ್ಕೆ, ಚೆಂಡು ಕೊಡುವುದು ಹಿಂದಕ್ಕೆ, ಇದೆಂಥ ಆಟ? ಅದನ್ನು ಬಿಡಿಸಿ ಹೇಳಿದವನು ಕುಕ್ಕಪ್ಪ. ಈಗ ಶೀಟು ಸಾಗಿಸುವ ಪಿಕಪ್ ಓಡಿಸುವ ಕುಕ್ಕಪ್ಪ ಒಂದು ಕಾಲದಲ್ಲಿ ನೆಲ್ಯಾಡಿ ಕಬಡ್ಡಿ ತಂಡದ ಕ್ಯಾಪ್ಟನ್. ಇದು ಚೆಂಡು ಇರುವ ಕಬಡ್ಡಿ, ಅಷ್ಟೇ, ಎಂದು ಅವನು ತೀರ್ಪು ಕೊಟ್ಟ ಮೇಲೆ ಎಲ್ಲವೂ ಸಲೀಸಾಯಿತು. ಬಾಯಿಗೆ ಬಾರದ ಹೆಸರುಗಳ ಗೊಡವೆ ಬಿಟ್ಟು, ಹಸಿರು ತಂಡದ ಎಂಟನೆಯವನನ್ನು ಕಂಬಳದ ಕೋಣ ಎಂದರು. ಚೆಂಡು ಒದೆಯುವ ತೆಳ್ಳಗಿನವನನ್ನು ಮದುಮಗ ಎಂದರು. ಏಳನೆಯವನು ಮಾತ್ರ ಎಲ್ಲರಿಗೂ 'ನಮ್ಮ ಏಳು'. ನೆಲಕ್ಕೆ ಬಗ್ಗಿ ಬಂದು ಎದುರಾಳಿಯ ಕಾಲನ್ನು ಹಿಡಿದರೆ ಅವನು ಬಿಟ್ಟ ದಾಖಲೆಯೇ ಇರಲಿಲ್ಲ. ಕಬಡ್ಡಿಯಲ್ಲಿ ಎಡಮೂಲೆಗೆ ನಿಂತು ತ್ಯಾಂಪಣ್ಣ ಹಿಡಿಯುತ್ತಿದ್ದದ್ದೂ ಹಾಗೆಯೇ.

ಆ ತ್ಯಾಂಪಣ್ಣ ಈಗ ಕುಕ್ಕಪ್ಪನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದ. ಐವತ್ತನಾಲ್ಕು ವಯಸ್ಸು, ಇನ್ನೂ ಗಟ್ಟಿ ಮೈ. ಇಪ್ಪತ್ತು ವರ್ಷ ಆಂಟಣಿಯ ಮರಗಳಿಗೆ ಅವನದೇ ಕತ್ತಿ. ಒಂದು ಮರವನ್ನು ಇವತ್ತು ಕೆತ್ತಿದರೆ ನಾಳೆ ಬಿಡಬೇಕು. ಕಳೆದ ವರ್ಷ ತ್ಯಾಂಪಣ್ಣ ನಿನ್ನೆ ಕೆತ್ತಿದ ಮರವನ್ನೇ ಇವತ್ತೂ ಕೆತ್ತತೊಡಗಿದ. ಕೇಳಿದರೆ, "ನಿನ್ನೆ ನಾನು ಬರ್ಲೇ ಇಲ್ಲವಲ್ಲ," ಎನ್ನುತ್ತಿದ್ದ. ಆಂಟಣಿ ಮರಗಳಿಗೆ ಸುಣ್ಣದ ಗುರುತು ಹಾಕಿ ನೋಡಿದ. ಗುರುತು ಯಾವುದಕ್ಕೆಂದು ತ್ಯಾಂಪಣ್ಣನಿಗೆ ನೆನಪಿರಲಿಲ್ಲ. ಫೆಬ್ರವರಿಯಲ್ಲಿ ಮಂಗಳೂರಿನ ಡಾಕ್ಟರು ಇದು ಮರೆವಿನ ಕಾಯಿಲೆಯೆಂದು ಹೆಸರಿಟ್ಟು ಹೇಳಿದ ಮೇಲೆ ಆಂಟಣಿ ಅವನ ಕೈಯಿಂದ ಕತ್ತಿ ತೆಗೆದಿಟ್ಟು, ಶೀಟು ಮಡಚುವ ಕೆಲಸ ಕೊಟ್ಟ. ತ್ಯಾಂಪಣ್ಣ ಕತ್ತಿಯನ್ನು ಲುಂಗಿಗೆ ಒರೆಸಿ ಕೊಟ್ಟ. ಆಂಟಣಿಯೇ ಒಳಗೆ ಹೋಗಿ ಅತ್ತ.

ನಿಝಾಮ್ ಕೇಳಿದ್ದೇ ತಡ, ಕುಕ್ಕಪ್ಪ ಎದ್ದು ಲುಂಗಿ ಎತ್ತಿ ಕಟ್ಟಿದ. ಈ ಕಥೆಯನ್ನು ಅವನು ಇಪ್ಪತ್ತಾರು ವರ್ಷಗಳಿಂದ ಹೇಳುತ್ತ ಬಂದಿದ್ದ. ಮದುವೆಯ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಒಮ್ಮೆ ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲೂ ಹೇಳಿದ್ದುಂಟು.

"ಕಡಬದಲ್ಲಿ ಫೈನಲು. ಆದಿತ್ಯವಾರ ಮಧ್ಯಾಹ್ನ. ನಾವೂ ಸುಳ್ಯದವರೂ ಸಮ ಸಮ. ಅವರ ಒಬ್ಬ ಉದ್ದದವ ದಾಳಿಗೆ ಬಂದ. ಇವ ಬಗ್ಗಿ ಕಾಲು ಹಿಡಿದ. ಅವನ ಮೊಣಕಾಲು ಬಂತು ನೋಡಿ, ಸೀದಾ ಇಲ್ಲಿಗೆ." ಕುಕ್ಕಪ್ಪ ತನ್ನ ಕಿವಿಯ ಮೇಲೆ ಬೆರಳಿಟ್ಟು ತೋರಿಸಿದ. "ಇವ ಮಲಗಿದ. ಸ್ವಲ್ಪ ಹೊತ್ತಲ್ಲಿ ಎದ್ದ. ಎದ್ದವ ಗಂಭೀರವಾಗಿ ನಡ್ಕೊಂಡು ಹೋಗಿ ಸುಳ್ಯದವರ ಕಡೆ ನಿಂತ. ಅವರ ಕ್ಯಾಪ್ಟನ್ ಇವನ ಮುಖ ನೋಡ್ತಾನೆ, ಇವ ಅವನ ಮುಖ ನೋಡ್ತಾನೆ. ಮತ್ತೆ ಇವನೇ ಕೇಳುದು, 'ನೀನೆಂತ ಇಲ್ಲಿ?' ಅಂತ."

ಎಲ್ಲರಿಗಿಂತ ಜೋರಾಗಿ ನಕ್ಕವನು ತ್ಯಾಂಪಣ್ಣ. "ಮತ್ತೆ?" ಎಂದ, ಬೇರೆ ಯಾರದೋ ಕಥೆಯ ಹಾಗೆ.

"ಮತ್ತೆಂತ, ಕುತ್ತಿಗೆಗೆ ಕೈ ಹಾಕಿ ಎಳ್ಕೊಂಡು ಬಂದೆ. ಒಂದು ಗೋಲಿ ಸೋಡ ತಲೆಗೆ ಹೊಯ್ದೆ. ಕೆನ್ನೆಗೆ ಎರಡು ಬಿಟ್ಟೆ. ಆಡು ಅಂದೆ, ಆಡಿದ. ಇನ್ನೊಮ್ಮೆ ಅದೇ ಜಾಗಕ್ಕೆ ಬಿತ್ತು, ಆದ್ರೂ ಆಡಿದ. ಒಂದು ಪಾಯಿಂಟಲ್ಲಿ ಕಪ್ ನಮಗೆ."

ಅಷ್ಟರಲ್ಲಿ ಟಿ.ವಿ.ಯಲ್ಲಿ ಆಟ ನಿಂತಿತ್ತು. ಅಲ್ಲಿ ಯಾರೂ ನಗುತ್ತಿರಲಿಲ್ಲ. ಕೆಂಪು ಅಂಗಿಯವನೊಬ್ಬ ನಮ್ಮ ಏಳಿನ ಭುಜವನ್ನು ಒಂದು ಕೈಯಿಂದ ಹಿಡಿದುಕೊಂಡು, ಇನ್ನೊಂದು ಕೈಯಿಂದ ಡಾಕ್ಟರನ್ನು ಕರೆಯುತ್ತಿದ್ದ. ಡಾಕ್ಟರು ಓಡಿಬಂದರು. ಏಳು ಬರುವುದಿಲ್ಲವೆಂದು ಕೈ ಕೊಸರಿಕೊಂಡ. ಇಬ್ಬರು ಸೇರಿ ಅವನನ್ನು ಮೆಲ್ಲಗೆ ಹೊರಗೆ ನಡೆಸಿದರು. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಇಷ್ಟಕ್ಕೆಲ್ಲ ಹೊರಗೆ ಹಾಕುದಾ?" ಎಂದ ಆಂಟಣಿ. "ಏಳು ಇಲ್ಲದಿದ್ರೆ ಇವತ್ತು ಸೋತ ಹಾಗೆ. ಆ ಕೋಣ ಒಬ್ಬ ಎಂತ ಮಾಡ್ತಾನೆ?"

"ಹತ್ತು ನಿಮಿಷ ನೋಡಿ ವಾಪಸ್ ಬಿಡ್ತಾರೆ ಆಂಟಣಿ ಚೇಟ," ಎಂದ ಕುಕ್ಕಪ್ಪ. "ಹೋದ ವಾರ ಮದುಮಗನನ್ನು ಬಿಡ್ಲಿಲ್ವಾ?"

ಒಂಬತ್ತು ವರ್ಷ ದುಬೈಯಲ್ಲಿದ್ದು ಬಂದ ನಿಝಾಮನಿಗೆ ಕಾಮೆಂಟರಿಯ ಇಂಗ್ಲಿಷು ಅರ್ಥವಾಗುತ್ತಿತ್ತು. ಶೀಟು ಖರೀದಿಗೆ ಬಂದವನು ಆಟ ಮುಗಿಯುವವರೆಗೆ ಉಳಿಯುತ್ತಿದ್ದದ್ದು ಅದನ್ನು ಬಿಡಿಸಿ ಹೇಳುವ ಗೌರವಕ್ಕಾಗಿಯೇ. ಅವನು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಕೇಳಿಸಿಕೊಂಡ.

"ಇಲ್ಲ, ಇವನನ್ನು ಬಿಡುದಿಲ್ಲ. ಬೇರೆಯವರಿಗಾದ್ರೆ ಡಾಕ್ಟರು ಪ್ರಶ್ನೆ ಕೇಳ್ತಾರಂತೆ, ಇದು ಯಾವ ಮೈದಾನ, ಕಡೇಗೆ ಪಾಯಿಂಟ್ ಮಾಡಿದ್ದು ಯಾರು ಅಂತ. ಇವನಿಗೆ ಪ್ರಶ್ನೆಯೂ ಬೇಡವಂತೆ. ಎದುರಿನವರ ಕಡೆ ಹೋಗಿ ನಿಂತದ್ದೇ ಸಾಕು, ಮಿದುಳು ಅಲ್ಲಾಡಿದೆ ಅಂತ ಲೆಕ್ಕ. ಹಾಗೆ ಇರುವಾಗ ಇನ್ನೊಂದು ಪೆಟ್ಟು ಬೀಳ್ಬಾರದು. ಬಿದ್ರೆ ಮುಂದೆ ಪ್ರಾಯ ಆಗುವಾಗ ನೆನಪು..."

ನಿಝಾಮ್ ಅಲ್ಲಿಗೆ ನಿಲ್ಲಿಸಿದ. ತಾನೇನು ಹೇಳುತ್ತಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು. ಯಾರೂ ತ್ಯಾಂಪಣ್ಣನ ಕಡೆ ನೋಡಲಿಲ್ಲ.

"ಪಾಪ," ಎಂದ ತ್ಯಾಂಪಣ್ಣ. "ಆಡ್ಲಿಕ್ಕೆ ಬಿಡ್ಬೇಕಿತ್ತು ಅವನನ್ನು."

ಕುಕ್ಕಪ್ಪ ಇನ್ನೂ ನಿಂತೇ ಇದ್ದ. ಲುಂಗಿ ಇಳಿಸಿಕೊಂಡು ಮೆಲ್ಲಗೆ ಕೂತ. "ನಿಝಾಮ್, ಎಂತ ಹೇಳಿದ ಅವ? ಇನ್ನೊಮ್ಮೆ ಹೇಳು," ಎಂದ. ನಿಝಾಮ್ ಟಿ.ವಿ.ಯತ್ತ ತಿರುಗಿ ಕೂತ. ಅಂದು ಹಸಿರು ತಂಡ ಗೆದ್ದಿತು. ಎಷ್ಟರಿಂದ ಗೆದ್ದಿತೆಂದು ಆಮೇಲೆ ಕೇಳಿದರೆ ನಾಲ್ವರಲ್ಲಿ ಯಾರಿಗೂ ಹೇಳಲು ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ತ್ಯಾಂಪಣ್ಣನ ಮಗಳು ಯಶಸ್ವಿ ಮಂಗಳೂರಿನಿಂದಲೇ ಫೋನು ಮಾಡಿದ್ದಳು. "ಮಾವ, ಅಪ್ಪನಿಗೆ ಯಾವಾಗಲಾದ್ರೂ ತಲೆಗೆ ಪೆಟ್ಟಾಗಿತ್ತಾ ಅಂತ ಡಾಕ್ಟ್ರು ಕೇಳ್ತಿದ್ದಾರೆ. ಅಪ್ಪನಿಗೆ ಗೊತ್ತಿಲ್ಲ. ನೀವು ಒಟ್ಟಿಗೆ ಆಡಿದವರಲ್ಲ?" ಪಿಕಪ್ಪನ್ನು ದಾರಿ ಬದಿಗೆ ನಿಲ್ಲಿಸಿ ಕುಕ್ಕಪ್ಪ ಚೆನ್ನಾಗಿ ಯೋಚಿಸಿಯೇ ಹೇಳಿದ್ದ. "ಇಲ್ಲಮ್ಮ. ಮೊಣಕಾಲು ತರಚಿದ್ದು ಬಿಟ್ರೆ ಎಂತ ಆಗ್ಲಿಲ್ಲ." ಸುಳ್ಳು ಹೇಳಿದ್ದಲ್ಲ. ಕಡಬದ ಫೈನಲು ಅವನ ತಲೆಯಲ್ಲಿ ತಮಾಷೆಯ ಸಾಲಿನಲ್ಲಿತ್ತು, ಪೆಟ್ಟಿನ ಸಾಲಿನಲ್ಲಿ ಇರಲಿಲ್ಲ. ಇಪ್ಪತ್ತಾರು ವರ್ಷ ಊರಿಗೆ ಊರೇ ನಕ್ಕದ್ದನ್ನು ಯಾರು ತಾನೆ ಗಾಯವೆಂದು ಎಣಿಸುತ್ತಾರೆ?

ಆಟ ನೋಡಿದ ಶನಿವಾರ ಸಂಜೆಯೇ ಕುಕ್ಕಪ್ಪ, ಪೇಟೆಯಲ್ಲಿ ಯಶಸ್ವಿ ಕೆಲಸ ಮಾಡುವ ಮೆಡಿಕಲ್ ಶಾಪಿಗೆ ಹೋದ. ಇಬ್ಬರು ಗಿರಾಕಿಗಳು ಹೋಗುವ ತನಕ ಕೌಂಟರಿನ ಬದಿಯಲ್ಲಿ ನಿಂತ.

"ಆ ಕಡಬದ ಕಥೆ ಗೊತ್ತುಂಟಲ್ಲ ನಿನಗೆ," ಎಂದ.

"ಸುಳ್ಯದವರ ಕಡೆ ನಿಂತದ್ದಾ?" ಅವಳು ಮುಗುಳ್ನಕ್ಕಳು. ಕುಕ್ಕಪ್ಪ ನಗದಿರುವುದನ್ನು ಕಂಡು ಅವಳ ನಗು ನಿಂತಿತು.

ಅವನು ಹೇಳಿದ. ಮೊಣಕಾಲು ಬಡಿದದ್ದು, ಸೋಡ ಹೊಯ್ದದ್ದು, ಮತ್ತೆ ಆಡಿಸಿದ್ದು, ಎರಡನೇ ಪೆಟ್ಟು. "ಹೊರಗೆ ಗಿರಿಧರ ಕೂತಿದ್ದ, ಬದಲಿ ಆಟಗಾರ. ಇವನನ್ನು ಕೂರಿಸಿ ಅವನನ್ನು ಇಳಿಸ್ಬಹುದಿತ್ತು. ಗಿರಿಧರನಿಗೆ ಕಾಲು ಹಿಡೀಲಿಕ್ಕೆ ಬರುದಿಲ್ಲ ಅಂತ ನಾನು ಇಳಿಸ್ಲಿಲ್ಲ. ನಾನೇ ಮಾಡಿದ್ದು ಯಶಸ್ವಿ. ನಾನೇ."

ಯಶಸ್ವಿ ಕೌಂಟರಿನ ಮೇಲಿದ್ದ ಮಾತ್ರೆಯ ಪಟ್ಟಿಯೊಂದನ್ನು ಅತ್ತಿತ್ತ ಸರಿಸುತ್ತಿದ್ದಳು. "ಆ ಕಥೆಯನ್ನು ನಾನೂ ಹೇಳಿದ್ದೇನೆ ಮಾವ," ಎಂದಳು. "ಪುತ್ತೂರಲ್ಲಿ ಕಾಲೇಜಿಗೆ ಹೋಗುವಾಗ. ಹಾಸ್ಟೆಲಿನ ಹುಡುಗಿಯರು ನಕ್ಕು ನಕ್ಕು ಸಾಕಾಗಿದ್ರು." ಮಾತ್ರೆಯ ಪಟ್ಟಿಯನ್ನು ಡಬ್ಬಕ್ಕೆ ಹಾಕಿ, "ಡಾಕ್ಟ್ರಲ್ಲಿ ಹೇಳ್ತೇನೆ," ಎಂದಳು. ಬೈದಿದ್ದರೆ ಕುಕ್ಕಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಬುಧವಾರ ಅವಳ ಫೋನು ಬಂತು. ಆ ಪೆಟ್ಟಿನಿಂದಲೇ ಇರಬಹುದು, ಇಲ್ಲದೆಯೂ ಇರಬಹುದು, ಈಗ ಹೇಳಲಿಕ್ಕಾಗುವುದಿಲ್ಲ ಎಂದರಂತೆ ಡಾಕ್ಟರು. ಔಷಧ ಅದೇ. ಬದಲಿಸುವಂಥದ್ದು ಏನೂ ಇಲ್ಲ.

"ಮೊದಲೇ ಹೇಳಿದ್ರೆ?" ಎಂದು ಕೇಳಿದ ಕುಕ್ಕಪ್ಪ.

"ಆಗಲೂ ಇದೇ ಅಂತೆ ಮಾವ."

ಕುಕ್ಕಪ್ಪನಿಗೆ ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ಗೊತ್ತಾಗಲಿಲ್ಲ. ತಪ್ಪು ತನ್ನದೆಂದು ಯಾರೂ ಹೇಳುತ್ತಿಲ್ಲ, ತನ್ನದಲ್ಲವೆಂದೂ ಹೇಳುತ್ತಿಲ್ಲ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಆಂಟಣಿ ಸಮಾಧಾನ ಹೇಳಲು ಬಂದಾಗ, ನಿಮ್ಮ ಗಾದೆ ನೀವೇ ಇಟ್ಕೊಳ್ಳಿ ಎಂದು ಸಿಡುಕಿದ. ಉಳಿದದ್ದು ಒಂದೇ ದಾರಿ. ತ್ಯಾಂಪಣ್ಣನಿಗೆ ಇನ್ನೂ ತಿಳಿಯುವಷ್ಟು ತಿಳಿಯುತ್ತಿರುವಾಗಲೇ ಅವನ ಬಾಯಿಂದಲೇ ಒಂದು ಮಾತು ಕೇಳಿಸಿಕೊಳ್ಳುವುದು. ಬೈಗುಳವಾದರೂ ಸರಿ.

ಶನಿವಾರ ಅವನು ಆಟಕ್ಕೆ ಕಾಲು ಗಂಟೆ ಮೊದಲೇ ಗೋದಾಮಿಗೆ ಬಂದ. ತ್ಯಾಂಪಣ್ಣ ಒಬ್ಬನೇ ಕೂತು ಶೀಟು ಮಡಚುತ್ತಿದ್ದ. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚುತ್ತಿದ್ದ. ಇಡೀ ಗೋದಾಮು ಶೀಟು ಒಣಗಿಸುವ ಹೊಗೆಯ ವಾಸನೆ ಹೊಡೆಯುತ್ತಿತ್ತು. ಕುಕ್ಕಪ್ಪ ಅವನ ಎದುರಿಗೆ ನೆಲದ ಮೇಲೆಯೇ ಕೂತ.

"ತ್ಯಾಂಪ, ನಿನ್ನ ಹತ್ರ ಒಂದು ಮಾತು ಉಂಟು."

"ಹೇಳು."

"ನಿನಗೆ ಈಗ ನೆನಪು ಹೋಗ್ತದಲ್ಲ. ಅದು ನನ್ನಿಂದ ಆದದ್ದು."

"ನಿನ್ನಿಂದಲಾ? ಎಂತ ಮಾಡಿದಿ ನೀನು?" ತ್ಯಾಂಪಣ್ಣ ಶೀಟನ್ನು ಬದಿಗಿಟ್ಟು ನಿಜವಾಗಿಯೂ ಕಿವಿಗೊಟ್ಟ. ಅಷ್ಟು ಸ್ಪಷ್ಟವಾದ ಅವನ ಕಣ್ಣು ನೋಡಿ ಎಷ್ಟೋ ದಿನವಾಗಿತ್ತು. ಕುಕ್ಕಪ್ಪನಿಗೆ ಧೈರ್ಯ ಬಂತು.

"ಕಡಬದಲ್ಲಿ ಫೈನಲ್ ಇತ್ತು ನಮಗೆ. ಸುಳ್ಯದವರ ಮೇಲೆ. ನಿನ್ನ ತಲೆಗೆ ಮೊಣಕಾಲು ಬಡೀತು. ಬಿದ್ದಿ. ಎದ್ದವ ನೀನು ಸೀದಾ ಹೋಗಿ..."

ತ್ಯಾಂಪಣ್ಣನ ಮುಖ ಅರಳತೊಡಗಿತ್ತು. ಮಗಳ ಹೆಸರಿಗೆ ತಡಕಾಡುವವನು, ನಿನ್ನೆಯನ್ನು ಪೂರ್ತಿ ಕಳೆದುಕೊಂಡವನು, ಇದೊಂದನ್ನು ಎಲ್ಲೋ ಗಟ್ಟಿಯಾಗಿ ಹಿಡಿದಿಟ್ಟುಕೊಂಡಿದ್ದ.

"ಸುಳ್ಯದವರ ಕಡೆ ನಿಂತೆ," ಎಂದ ತ್ಯಾಂಪಣ್ಣ. "'ನೀನೆಂತ ಇಲ್ಲಿ?' ಅಂತ ಕೇಳಿದೆ. ಅಲ್ವಾ?" ಹೇಳಿ ಮೈ ಕುಲುಕಿಸಿ ನಕ್ಕ.

"ನಗ್ಬೇಡ ಮಾರಾಯ. ಕೇಳು. ನಾನು ನಿನ್ನನ್ನು ಕೂರಿಸ್ಬೇಕಿತ್ತು. ನನ್ನದು ತಪ್ಪಾಯ್ತು. ನನ್ನನ್ನು ಬೈ ನೀನು. ಒಂದು ಮಾತು ಬೈ."

ತ್ಯಾಂಪಣ್ಣ ಅವನ ಮುಖ ನೋಡಿದ. ನಗು ಸ್ವಲ್ಪ ಇಳಿಯಿತು. ಕೈ ಚಾಚಿ ಕುಕ್ಕಪ್ಪನ ಹೆಗಲ ಮೇಲಿಟ್ಟ. ಏನೋ ಹೇಳಲು ಬಾಯಿ ತೆರೆದ. ಕುಕ್ಕಪ್ಪ ಮುಂದಕ್ಕೆ ಬಾಗಿದ.

ಅಷ್ಟರಲ್ಲಿ ಆಂಟಣಿ ಮತ್ತು ನಿಝಾಮ್ ಒಳಗೆ ಬಂದರು. ಹೆಗಲ ಮೇಲಿದ್ದ ಕೈ ಸರಿದು ಮಡಿಲಿಗೆ ಬಂತು. ಆಂಟಣಿ ಟಿ.ವಿ. ಹಾಕಿದ. ಹಸಿರು ಅಂಗಿಯವರು ಸಾಲಾಗಿ ಮೈದಾನಕ್ಕೆ ಇಳಿಯುತ್ತಿದ್ದರು. ಏಳನೇ ನಂಬರಿನ ಅಂಗಿಯಲ್ಲಿ ಬೇರೆ ಯಾರೋ ಇದ್ದ. ನಮ್ಮ ಏಳು ಸಾದಾ ಕೋಟು ತೊಟ್ಟು ಪ್ರೇಕ್ಷಕರ ನಡುವೆ ಕೂತಿದ್ದ, ಪಕ್ಕದಲ್ಲಿ ಹೆಂಡತಿ.

"ಆಟ ಬಿಟ್ನಂತೆ," ಎಂದ ನಿಝಾಮ್, ದನಿ ತಗ್ಗಿಸಿ. "ಇಪ್ಪತ್ತೆಂಟು ವರ್ಷಕ್ಕೇ. ತಲೆಗೆ ಇದು ಅವನಿಗೆ ಮೂರನೇ ಪೆಟ್ಟಂತೆ. ಡಾಕ್ಟರು ಸಾಕು ಅಂದ್ರಂತೆ."

ತ್ಯಾಂಪಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಇವರಿಗೆಲ್ಲ ಏನೋ ಬೇಸರವಾಗಿದೆಯೆಂದು ಅವನಿಗೆ ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ನೆಲದ ಮೇಲೆ ಕೂತಿದ್ದ ಕುಕ್ಕಪ್ಪನ ಕಡೆ ತಿರುಗಿದ.

"ಎಂತ ಕುಕ್ಕಪ್ಪ, ಮುಖ ಸಣ್ಣ ಆಗಿದೆ ನಿಂದು? ನನ್ನದು ಆ ಕಡಬದ ಕಥೆ ಉಂಟಲ್ಲ, ಅದನ್ನು ಹೇಳು. ನೀನು ಚಂದ ಹೇಳ್ತಿ."

ಆಂಟಣಿ ಟಿ.ವಿ.ಯ ಶಬ್ದ ಕಡಿಮೆ ಮಾಡಿದ. ಕುಕ್ಕಪ್ಪ ನೆಲಕ್ಕೆ ಕೈಯೂರಿ ಎದ್ದ. ಬಾಗಿಲ ಕಡೆ ಒಮ್ಮೆ ನೋಡಿದ. ಮತ್ತೆ ಲುಂಗಿ ಎತ್ತಿ ಕಟ್ಟಿದ.

"ಕಡಬದಲ್ಲಿ ಫೈನಲು," ಎಂದ. "ಆದಿತ್ಯವಾರ ಮಧ್ಯಾಹ್ನ."

ತ್ಯಾಂಪಣ್ಣ ಬೆಂಚಿನ ತುದಿಗೆ ಸರಿದು, ನಗುವ ಜಾಗ ಬರುವುದನ್ನೇ ಕಾಯುತ್ತ ಕೂತ.