ಬ್ಯಾಡ ಅಂದರೆ

ತೊಯ್ದ ಕಂಬಳಿಯ ವಾಸನೆ ಮೂಗಿಗೆ ಬಡಿದಾಗ ಮನಿಷಾ ಒಂದು ಗಳಿಗೆ ಐದು ವರ್ಷದ ಹುಡುಗಿಯಾದಳು. ಆಗ ಖಾನಾಪುರದ ಅವಳ ಮನೆಯ ಹೊಲದಲ್ಲಿ ಕುರಿಗಾಹಿ ಭರಮಣ್ಣ ಕಾಕಾ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದ. ಮಳೆ ಹನಿದರೆ ತನ್ನ ಕಂಬಳಿಯೊಳಗೆ ಅವಳನ್ನೂ ಎಳೆದುಕೊಳ್ಳುತ್ತಿದ್ದ. ಈಗ ಅದೇ ಬದುವಿನ ಮೇಲೆ ಅದೇ ಕಾಕಾ ಕೂತಿದ್ದ, ಮೀಸೆ ಬೆಳ್ಳಗಾಗಿತ್ತು. ಅವನ ಮುಂದೆ ಅವಳು ತನ್ನ ನಾಯಿ ಕಾಳ್ಯಾನ ಹಗ್ಗ ಹಿಡಿದು ನಿಂತಿದ್ದಳು, ಅವನನ್ನು ಬಿಟ್ಟುಹೋಗಲು.

ಬೆಳಗಾವಿಯ ಹಿಂದವಾಡಿಯಲ್ಲಿ ಅವಳದೊಂದು ಎಸ್‌ಟಿಡಿ ಬೂತ್. ಮೂರು ವರ್ಷದಿಂದ ಕಾಳ್ಯಾನೇ ಜೊತೆ. ಮನುಷ್ಯರ ಮಟ್ಟಿಗೆ ಹಸುವಿನಂಥವನು. ಬೀದಿಯಲ್ಲಿ ಇನ್ನೊಂದು ನಾಯಿ ಎದುರಾದರೆ ಮಾತ್ರ ಮೈಮೇಲೆ ಬಂದವನಂತೆ ಹಾರುತ್ತಿದ್ದ. ಹೋದ ವಾರ ಎದುರುಮನೆಯ ಗುರುಪುತ್ರಪ್ಪನವರ ಮುದಿ ನಾಯಿ ರಾಣಿಯ ಕಿವಿ ಹರಿದಿದ್ದ. "ಇನ್ನೊಮ್ಮೆ ಹಿಂಗಾದ್ರ ಅದನ್ನ ಓಣ್ಯಾಗ ಇಡಾಕ ಬಿಡೂದಿಲ್ಲ ನೋಡವಾ," ಎಂದಿದ್ದರು ಅವರು, ರಾಣಿಯ ಕಿವಿಗೆ ಅರಿಶಿಣ ಒತ್ತುತ್ತ. ಕೂಗಾಡಿ ಬೈದಿದ್ದರೂ ಅವಳಿಗೆ ಆ ಮೆಲ್ಲನೆಯ ಮಾತಿನಷ್ಟು ಚುಚ್ಚುತ್ತಿರಲಿಲ್ಲ.

"ನಿನ್ನ ಹತ್ರ ಇರ್ಲಿ ಕಾಕಾ. ಬಯಲಾಗ ಆರಾಮ ಇರ್ತಾನ."

ಭರಮಣ್ಣ ಕಾಳ್ಯಾನನ್ನೇ ನೋಡುತ್ತ ಕೂತ. ದೂರದಲ್ಲಿ ಅವನ ಕುರಿನಾಯಿ ಎದ್ದು ಮೈಮುರಿಯಿತು. ಕಾಳ್ಯಾ ಮೂಗೆತ್ತಿ ನೋಡಿ ಸುಮ್ಮನಿದ್ದ. ಅಷ್ಟರಲ್ಲಿ ಮನಿಷಾಳಿಗೂ ಆ ಕುರಿನಾಯಿ ಕಂಡಿತು. ಹಗ್ಗವನ್ನು ಕೈಗೆ ಎರಡು ಸುತ್ತು ಬಿಗಿದು, "ಬ್ಯಾಡ ಕಾಳ್ಯಾ, ಬ್ಯಾಡ," ಎಂದಳು. ಅವನ ಬೆನ್ನಿನ ಕೂದಲು ನಿಮಿರಿತು, ಹಲ್ಲು ಹೊರಬಂತು.

ಕಾಕಾ ಕೈಸನ್ನೆ ಮಾಡಿ ತನ್ನ ನಾಯಿಯನ್ನು ಕುರಿಗಳ ಆಚೆ ಕಳಿಸಿದ. ಬಹಳ ಹೊತ್ತಿನ ಮೇಲೆ, ಕಾಳ್ಯಾ ನೆಲಕ್ಕೆ ಗದ್ದ ಊರಿ ತೂಕಡಿಸುವಾಗ, "ಈಗ ಅನ್ನು," ಎಂದ.

"ಏನ ಅನ್ಲಿ?"

"ಅದ, ನಿನ್ನ ಮಂತ್ರ."

"ಬ್ಯಾಡ," ಎಂದಳು. ಕಾಳ್ಯಾ ದಡಕ್ಕನೆ ಎದ್ದು ನಾಲ್ಕೂ ದಿಕ್ಕಿಗೆ ನಾಯಿ ಹುಡುಕಿದ.

ಭರಮಣ್ಣ ನಕ್ಕುಬಿಟ್ಟ. "ಬ್ಯಾಡ ಅಂದ್ರ ನಾಯಿ ಬಂತು ಅಂತ ತಿಳದಾನ. ಮೂರ ವರ್ಷ ನೀನ ಸಾಲಿ ಕಲಿಸೀದಿ, ಮಗಳ."

ಮನಿಷಾಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ಬ್ಯಾರೆ ನಾಯಿ ದೂರ ಇರೂವಾಗನ 'ಉಣ್ಣೂಣು ಬಾ' ಅನ್ನು. ರೊಟ್ಟಿ ಚೂರು ಕೊಡು. ಹಗ್ಗ ಸಡ್ಲ ಬಿಡು. ಎದುರಾಬದುರು ಒಯ್ಯಬ್ಯಾಡ, ಸುತ್ತು ಹಾಕಿ ಹೋಗು. ಖರೇ ಹೇಳ್ತೇನಿ, ತಿಂಗಳ ಹಿಡೀತೈತಿ. ಆಗಲಿಲ್ಲಂದ್ರ ತಂದು ಬಿಡು, ನಾ ಎಲ್ಲಿ ಹೋಗ್ತೇನಿ?"

ಕಾಳ್ಯಾನನ್ನು ಮರಳಿ ಕರೆತಂದಳು. ಮೊದಲ ವಾರ ನಾಲಿಗೆ ತಾನಾಗಿಯೇ 'ಬ್ಯಾ' ಎನ್ನುತ್ತಿತ್ತು, ತುಟಿ ಕಚ್ಚಿಕೊಳ್ಳುತ್ತಿದ್ದಳು. ಟಿಳಕವಾಡಿಯ ಅಗಲ ರಸ್ತೆಗಳಲ್ಲಿ ನಾಯಿಗಳಿಂದ ದೂರ ದೂರವೇ ಅಡ್ಡಾಡಿದಳು. "ಈಕಿ ನಾಯಿನ್ನ ದಿನಾ ಯಾರ ಮನಿ ಊಟಕ್ಕ ಒಯ್ತಾಳ?" ಎಂದು ಜನ ನಕ್ಕರು. ದಿನ ಕಳೆದಂತೆ ನಾಯಿಗಳ ನಡುವಿನ ಆ ದೂರ ಮೆಲ್ಲಗೆ ಕಡಿಮೆಯಾಗುತ್ತ ಬಂತು.

ಒಂದು ಬೆಳಿಗ್ಗೆ ಬೂತಿಗೆ ಹೊರಟಾಗ ಗುರುಪುತ್ರಪ್ಪನವರ ಗೇಟು ತೆರೆದಿತ್ತು. ರಾಣಿ ಹೊರಗೇ ಮಲಗಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದ ಗುರುಪುತ್ರಪ್ಪ ಹಾಗೆಯೇ ನಿಂತರು. ಮನಿಷಾ ಹಗ್ಗ ಬಿಗಿಯಲಿಲ್ಲ. "ಉಣ್ಣೂಣು ಬಾ, ಕಾಳ್ಯಾ." ಕೈಯಲ್ಲಿ ರೊಟ್ಟಿಯ ಚೂರು ಇರಲಿಲ್ಲ, ಮಧ್ಯಾಹ್ನದ ಡಬ್ಬಿ ತೆರೆದು ರೊಟ್ಟಿ ಮುರಿದಳು. ಕಾಳ್ಯಾ ರಾಣಿಯನ್ನೊಮ್ಮೆ ನೋಡಿ ಗುರ್ ಎಂದ. ಆಮೇಲೆ ಅವಳ ಕಡೆ ತಿರುಗಿದ. ಓಣಿಯ ತುದಿ ಮುಟ್ಟುವಷ್ಟರಲ್ಲಿ ಡಬ್ಬಿ ಬರಿದಾಗಿತ್ತು.

ಮಧ್ಯಾಹ್ನ ಗುರುಪುತ್ರಪ್ಪ ಬೂತಿನ ಗಾಜಿನ ಬಾಗಿಲು ತಳ್ಳಿ ಬಂದರು. ಫೋನಿಗೆ ಬಂದಿರಬೇಕೆಂದು ಅವಳು ಕುರ್ಚಿ ಸರಿಸಿಕೊಟ್ಟಳು. ಅವರು ಕೂರಲಿಲ್ಲ. ಮಲಗಿದ್ದ ಕಾಳ್ಯಾನನ್ನು ಜೋಪಾನವಾಗಿ ದಾಟಿ ಬಂದು, ಬಿಳಿ ಅರಿವೆಯಲ್ಲಿ ಕಟ್ಟಿದ ಬಿಸಿ ರೊಟ್ಟಿ, ಕಡಲೆಹಿಟ್ಟಿನ ಜುಣಕವನ್ನು ಅವಳ ಕೈಗಿಟ್ಟರು.