ಹೊಸ ಬೋರ್ಡಿಗೆ ಹಳೇ ಡ್ರೈವರ್

ಬೇಸಿಗೆ ಮುಗಿಯುತ್ತಾ ಬಂದಿತ್ತು. ಬೆಳಗಿನ ಮೊದಲ ಬಸ್ಸು ಹೊರಟುಹೋಗಿ, ಎರಡನೆಯದರಲ್ಲಿ ಜನ ಕೂತು ಬೆವರು ಒರೆಸಿಕೊಳ್ಳುತ್ತಿದ್ದ ಹೊತ್ತು. ನನ್ನ ತಮ್ಮನ ಬಸ್ ಆಫೀಸು ಅಂದರೆ ಒಂದು ಉದ್ದನೆಯ ಕೋಣೆ. ಮುಂದೆ ಟಿಕೆಟ್ ಕಿಟಕಿ, ಕಿಟಕಿಯ ಹಿಂದೆ ನಾನು, ನನ್ನ ಹಿಂದೆ ಒಂದು ಮೇಜು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಹೊಸ ಕಂಪ್ಯೂಟರು. ಪಕ್ಕದ ಗೋಡೆಗೆ ಒಂದು ಹೊಸ ಬೋರ್ಡು ಒರಗಿಸಿಟ್ಟಿತ್ತು, ಬಸ್ಸಿನ ನೆತ್ತಿಗೆ ಹಾಕುವಂಥದ್ದು. ಹೊಸ ರೂಟಿಗೆ ಪರ್ಮಿಟ್ ಸಿಕ್ಕಿತ್ತು. ಬೋರ್ಡಿನ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಗೇರಣ್ಣ ದಿನಾ ಬಂದು ಅದನ್ನು ನೋಡಿ ಹೋಗುತ್ತಿದ್ದ, ಮದುವೆ ಗೊತ್ತಾದ ಗಂಡು ಹೆಣ್ಣಿನ ಮನೆಯ ಮುಂದೆ ಸುಳಿದಾಡುವ ಹಾಗೆ.

ಗೇರಣ್ಣ ನಮ್ಮಪ್ಪನ ಕಾಲದಿಂದ ಇದ್ದ ಡ್ರೈವರ್. ಅವನ ಬಾಯಲ್ಲಿ ಎಲ್ಲಕ್ಕೂ ಗೇರಿನ ಲೆಕ್ಕ. ಊಟಕ್ಕೆ ಕೂತರೆ ಫಸ್ಟು, ಹೆಂಡತಿ ಬೈದರೆ ನ್ಯೂಟ್ರಲ್ಲು, ನನ್ನ ತಮ್ಮ ಬೈದರೆ ರಿವರ್ಸು. ಆದರೆ ಅವನು ಓಡಿಸಿದ್ದೆಲ್ಲ ಹೆಜ್ಜೆಗೊಂದು ಸ್ಟಾಪಿನ ಊರೊಳಗಿನ ರೂಟು. ಹೊಸ ರೂಟಿನಲ್ಲಿ ಊರು ದಾಟಿದರೆ ಹೊಳೆಯ ಪಕ್ಕಕ್ಕೆ ನೆಟ್ಟಗೆ ಹೋಗುವ ರಸ್ತೆ. "ಅಕ್ಕ, ಸಾಯೋದ್ರೊಳಗೆ ಒಂದ್ಸಲ ಟಾಪ್ ಗೇರ್ ಹಾಕ್ಬೇಕು" ಎನ್ನುತ್ತಿದ್ದ. ಬೇರೆ ಆಸೆ ಅವನು ಹೇಳಿದ್ದು ನಾನು ಕೇಳಿಲ್ಲ.

ಕಂಪ್ಯೂಟರನ್ನು ಜೋಡಿಸಿದವಳು ನನ್ನ ತಮ್ಮನ ಮಗಳು, ನನಗೆ ಸೋದರ ಸೊಸೆ. ಒಳಗಿನ ಹಸಿರು ಹಲಗೆಗೆ ಮದರ್‌ಬೋರ್ಡ್ ಅನ್ನುತ್ತಾರಂತೆ. ಹಾಗಾದರೆ ತಂದೆ ಯಾರೇ ಎಂದು ಕೇಳಿದ್ದಕ್ಕೆ, "ತಂದೆ ಬಿಲ್ ಕಟ್ಟಿದಾರಲ್ಲ ಅತ್ತೆ, ಅಷ್ಟು ಸಾಕು" ಎಂದಿದ್ದಳು. ಆ ಪೆಟ್ಟಿಗೆ ಮಾತ್ರ ಒಬ್ಬರಿಗೆ ಸೀಟು ಬರೆಯುವಷ್ಟರಲ್ಲಿ ಕಣ್ಣು ಮುಚ್ಚಿಬಿಡುತ್ತಿತ್ತು.

"ಏನಂತೆ ಅದಕ್ಕೆ?" ಎಂದೆ.

"ಜ್ವರ ಅಂತೆ. ನೂರಿಪ್ಪತ್ತೇಳು ಡಿಗ್ರಿ."

ಮುಟ್ಟಿ ನೋಡಿದೆ. ನನ್ನ ಅಂಗೈಗಿಂತ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಹಿಮಕ್ಕಿಂತ ಕೆಳಗೆ ತೋರಿಸಿತ್ತಂತೆ, ಹೆಣವೂ ಅಷ್ಟು ತಣ್ಣಗಿರುವುದಿಲ್ಲ. ಇನ್ನು ಫ್ಯಾನು ನಮ್ಮ ಕಣ್ಣೆದುರೇ ಗಿರಗಿರ ತಿರುಗುತ್ತಿತ್ತು, ಪರದೆಯ ಮೇಲೆ ಅದರ ವೇಗ ಸೊನ್ನೆ. ಫ್ಯಾನು ನಿಂತಿದೆ, ತಲೆ ಬಿಸಿಯಾಗಿದೆ ಎಂದು ನಂಬಿ, ಹೆದರಿ, ಪೆಟ್ಟಿಗೆ ತಾನೇ ಆರಿಹೋಗುತ್ತಿತ್ತು. ಇಲ್ಲದ ತಲೆಬಿಸಿಗೆ ಹಾಸಿಗೆ ಹಿಡಿಯುವವರು ನಮ್ಮ ನೆಂಟರಲ್ಲೂ ಇದ್ದಾರೆ.

"ಸೆನ್ಸರ್ ಸರಿಯಾಗೇ ಅಳೀತಿದೆ ಅತ್ತೆ" ಎಂದಳು ಅವಳು. ನಾನು ಸೆನ್ಸರ್ ಅಂದರೆ ಸಿನಿಮಾದಲ್ಲಿ ಮುತ್ತು ಕತ್ತರಿಸುವವರು ಅಂದುಕೊಂಡಿದ್ದೆ. ಇದು ಬಿಸಿ ಅಳೆಯುವ ಚಿಪ್ಪಂತೆ. ಅದು ಹೇಳಿದ್ದನ್ನು ಕಂಪ್ಯೂಟರಿಗೆ ಅರ್ಥ ಮಾಡಿಸಲು ನಡುವೆ ಒಂದು ಪ್ರೋಗ್ರಾಮು ಬೇಕು, ಅದರ ಹೆಸರೇ ಡ್ರೈವರ್. ಚಿಪ್ಪು ಹೊಸದು, ಡ್ರೈವರ್ ಹಳೆಯದು. ಇದು ಒಂದು ಅಂದರೆ ಅದು ಇನ್ನೊಂದು ಹೇಳುತ್ತಿತ್ತು.

ಇಷ್ಟು ನನಗೆ ಹೇಳಿ, ಅವಳು ಗೆಳತಿಗೆ ಫೋನು ಹಚ್ಚಿದಳು. ಅವಳದು ಮೊದಲೇ ದೊಡ್ಡ ಗಂಟಲು.

"ಹೂಂ ಕಣೇ, ಹಳೇ ಡ್ರೈವರ್‌ದೇ ತೊಂದ್ರೆ. ಹೊಸ ಬೋರ್ಡಿಗೆ ಅದು ಒಗ್ಗಲ್ಲ. ಇರೋದೊಂದು, ಅದು ಹೇಳೋದೊಂದು. ಕಿತ್ತು ಹಾಕಿ ಹೊಸದು ತರ್ಬೇಕು. ಅಪ್ಪನೂ ಹೂಂ ಅಂದಿದಾರೆ."

ನಾನು ಬಾಗಿಲ ಕಡೆ ನೋಡಿದೆ. ಗೇರಣ್ಣ ಕೈಯಲ್ಲಿ ಚಹಾದ ಲೋಟ ಹಿಡಿದು, ಗೋಡೆಗೊರಗಿದ್ದ ಬೋರ್ಡನ್ನೇ ನೋಡುತ್ತ ನಿಂತಿದ್ದ. ಲೋಟವನ್ನು ಸದ್ದಾಗದಂತೆ ಕಟ್ಟೆಯ ಮೇಲಿಟ್ಟು ಹೋದ.

ಬಸ್ಸು ಹೊರಡುವ ಹೊತ್ತಾಯಿತು, ದಾಟಿತು. ಒಳಗೆ ಜನ ಗಲಾಟೆ ಶುರು ಮಾಡಿದರು. ನಾನು ಎದ್ದು ಹೋಗಿ ನೋಡಿದರೆ ಗೇರಣ್ಣ ಸ್ಟೇರಿಂಗ್ ಹಿಡಿದುಕೊಂಡು ಕೂತಿದ್ದಾನೆ, ಇಂಜಿನ್ ಹಾಕಿಲ್ಲ. ಎದುರಿಗಿದ್ದ ಅವನ ಪುಟ್ಟ ಫ್ಯಾನನ್ನೂ ಆರಿಸಿದ್ದ.

"ನನ್ನ ಮಡಿಲಲ್ಲಿ ಉಚ್ಚೆ ಹೊಯ್ದ ಕೂಸು" ಎಂದ. "ಕಿತ್ತು ಹಾಕ್ತೀನಿ ಅಂದ್ಲು, ಅನ್ಲಿ ಬಿಡಕ್ಕ. ಆದ್ರೆ 'ಅದು' ಅಂದ್ಲಲ್ಲ ನನ್ನ. ಅವನು ಅನ್ಲಿಲ್ಲ, ಅವ್ರು ಅಂತೂ ಅನ್ನಲ್ಲ ಬಿಡು. ಅದು."

"ಅವಳಂದದ್ದು ಕಂಪ್ಯೂಟರ್ ಒಳಗಿನ ಡ್ರೈವರ್‌ಗೆ ಕಣೋ."

"ಅಷ್ಟು ಸಣ್ಣ ಪೆಟ್ಟಿಗೆ ಒಳಗೆ ಡ್ರೈವರ್ ಬೇರೆ ಕೂತಿದಾನಾ? ಕ್ಲೀನರ್ ಎಲ್ಲಿ, ಹಿಂದ್ಗಡೆ ಜೋತು ಬಿದ್ದಿದಾನಾ? ನನ್ನ ಕಿವಿಗೆ ಹೂ ಇಡ್ಬೇಡಕ್ಕ."

ಅಷ್ಟರಲ್ಲಿ ನನ್ನ ತಮ್ಮ ಪಂಚೆ ಎತ್ತಿ ಕಟ್ಟಿಕೊಳ್ಳುತ್ತ ಬಂದ. "ಏನಯ್ಯ, ಗಾಡಿ ಯಾಕೆ ಬಿಟ್ಟಿಲ್ಲ?"

"ಹೊಸ ಬೋರ್ಡಿಗೆ ಹಳೇ ಡ್ರೈವರ್ ಒಗ್ಗಲ್ವಂತೆ, ಯಜಮಾನ್ರೇ. ಕಿತ್ತು ಹಾಕೋಕೆ ನೀವೂ ಹೂಂ ಅಂದಿದೀರಂತೆ."

ನನ್ನ ತಮ್ಮನ ಮುಖ ಸುಣ್ಣವಾಯಿತು. "ನಿಂಗೆ ಯಾರು ಹೇಳಿದ್ದು? ನನ್ನ ಹೆಂಡತಿ ಬಾಯೋ, ಊರ ಬಾಗಿಲೋ. ನೋಡು ಗೇರಣ್ಣ, ನಾನೇ ಹೇಳ್ಬೇಕು ಅಂತಿದ್ದೆ. ಅವಳ ಚಿಕ್ಕಪ್ಪನ ಮೊಮ್ಮಗ ಒಬ್ಬ ಡ್ರೈವರ್ ಹುಡುಗ, ನಿನ್ನೆ ಬಂದು ಕೂತ್ಬಿಟ್ಟ. ಹೊಸ ರೂಟು ಅವನಿಗೇ ಅಂತ ಮಾತು ಕೊಟ್ಬಿಟ್ಟೆ. ನಿಂಗಾದ್ರೂ ಕತ್ತಲಾದ್ರೆ ಕಣ್ಣು..."

ನನ್ನ ಹಿಂದೆಯೇ ಓಡಿ ಬಂದಿದ್ದ ಸೊಸೆ ಹೇಳಿದಳು, "ಅಪ್ಪ, ನಾನು ಹೇಳಿದ್ದು ಕಂಪ್ಯೂಟರ್ ಡ್ರೈವರು. ನೀನು ಯಾವುದಕ್ಕೆ ಹೂಂ ಅಂದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನ ತಮ್ಮ ಹೆಗಲು ಮುಟ್ಟಿಕೊಂಡದ್ದಲ್ಲದೆ, ಕುಂಬಳಕಾಯಿಯನ್ನು ತಂದು ನಡುಬೀದಿಯಲ್ಲಿ ಹೆಚ್ಚಿಟ್ಟಿದ್ದ. ಬಸ್ಸಿನ ಒಳಗಿಂದ ಒಬ್ಬಳು ಹೆಂಗಸು, "ಮೊದ್ಲು ನಮ್ಮನ್ನ ತಲುಪಿಸಿ, ಆಮೇಲೆ ಯಾರನ್ನ ಬೇಕಾದ್ರೂ ಕಿತ್ತು ಹಾಕಿ" ಎಂದಳು. ಗೇರಣ್ಣ ಇಂಜಿನ್ ಹಾಕಿದ.

ಟ್ರಿಪ್ಪು ಮುಗಿಸಿ ಅವನು ಆಫೀಸಿಗೆ ಬಂದಾಗ ಮಧ್ಯಾಹ್ನ. ಸೊಸೆ ಹೊಸ ಡ್ರೈವರನ್ನು ಇಳಿಸಿಕೊಂಡಿದ್ದಳು, ಹಳೆಯದನ್ನು ತೆಗೆಯಬೇಕಿತ್ತು. ನನ್ನ ತಮ್ಮ ಮೂಲೆಯಲ್ಲಿ ಕೂತು, ಉಗುರಿನಲ್ಲಿಲ್ಲದ ಕೊಳೆ ತೆಗೆಯುತ್ತಿದ್ದ. ಗೇರಣ್ಣ ಮೇಜಿನ ಹತ್ತಿರ ಹೋಗಿ ಪರದೆಗೆ ಮೂಗು ತಾಗಿಸಿ ನೋಡಿದ.

"ಏನಂತ ಬರೆದಿದೆ ಪುಟ್ಟಿ?"

"ಈ ಡ್ರೈವರನ್ನ ನಿಜವಾಗ್ಲೂ ತೆಗೀಬೇಕಾ, ಹೌದು, ಇಲ್ಲ, ಅಂತ ಕೇಳ್ತಿದೆ."

ಗೇರಣ್ಣ ನನ್ನ ತಮ್ಮನ ಕಡೆ ತಿರುಗಿದ. "ನೋಡಿ ಯಜಮಾನ್ರೇ. ಪೆಟ್ಟಿಗೆ. ಅದೂ ಒಂದ್ಮಾತು ಕೇಳುತ್ತೆ."

ತಮ್ಮ ಉಗುರು ಬಿಟ್ಟ. "ಕೇಳ್ಬೇಕಿತ್ತು. ತಪ್ಪಾಯ್ತು. ಆದ್ರೆ ನೀನೂ ನಿಜ ಹೇಳು. ಮೊನ್ನೆ ಮುಸ್ಸಂಜೆ ಕಸದ ತೊಟ್ಟಿಗೆ ಹಾರನ್ ಹೊಡ್ದು, ಸರೀರಿ ಪಕ್ಕಕ್ಕೆ ಅಂತ ಬೈದೆಯಲ್ಲ."

"ಸರೀತಲ್ಲ."

"ಅದು ಸರೀಲಿಲ್ಲ. ನೀನು ಬಂಪರ್‌ನಲ್ಲಿ ಸರಿಸಿದ್ದು."

ಸೊಸೆಗೆ ನಗು ಬಂತು, ನುಂಗಿಕೊಂಡಳು. ಗೇರಣ್ಣ ನಗಲಿಲ್ಲ. ಪೆಟ್ಟಿಗೆಯಲ್ಲಿ ತಿರುಗುತ್ತಿದ್ದ ಸಣ್ಣ ಫ್ಯಾನನ್ನೂ, ಪರದೆಯ ಮೇಲಿನ ಸೊನ್ನೆಯನ್ನೂ ಬಹಳ ಹೊತ್ತು ನೋಡಿದ. ಆಮೇಲೆ, "ಸಂಜೆ ಆದ್ರೆ ನಂದೂ ಹಿಂಗೇ" ಎಂದ. "ಇರೋದೊಂದು, ಕಾಣೋದೊಂದು. ಹೆಂಡತಿಗೆ ಹೇಳಿಲ್ಲ."

ಸೊಸೆ ಗುಂಡಿ ಒತ್ತದೆ ಕಾಯುತ್ತಿದ್ದಳು.

"ತೆಗಿ ಪುಟ್ಟಿ" ಎಂದ ಗೇರಣ್ಣ. "ಹೌದು ಅಂತ ಒತ್ತು."

ಒತ್ತಿದಳು. ಪೆಟ್ಟಿಗೆ ಒಮ್ಮೆ ಆರಿ ಮತ್ತೆ ಹತ್ತಿತು. ಬಿಸಿ ನಲವತ್ತೆರಡು, ಫ್ಯಾನಿಗೆ ಸಾವಿರದ ಮೇಲಿನ ಲೆಕ್ಕ. ಒಂದು ಎಡವಟ್ಟು ಉಳಿದಿತ್ತು. ಪೆಟ್ಟಿಗೆಗೆ ಹಿಂದೆ ಮುಂದೆ ಎರಡು ಫ್ಯಾನು, ಹಿಂದಿನದರ ಓಟ ಮುಂದಿನದರ ಹೆಸರಿನಲ್ಲಿ ಕಾಣುತ್ತಿತ್ತು. ಅದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ. ಅಡಿಗೆ ನನ್ನದು, ಹೆಸರು ತಮ್ಮನ ಹೆಂಡತಿಯದು, ನಮ್ಮ ಮನೆಯಲ್ಲಿ ಎಷ್ಟೋ ಕಾಲದಿಂದ ನಡೆದಿದೆ. ಸೊಸೆ ಫ್ಯಾನಿನ ವೈರುಗಳ ಪಿನ್ನು ಬದಲಾಯಿಸಿ ಅದನ್ನೂ ಸರಿ ಮಾಡಿದಳು.

"ಹಳೇದನ್ನ ಬಿಸಾಕ್ಬಿಟ್ಯಾ?" ಗೇರಣ್ಣ ಕೇಳಿದ.

"ಇಲ್ಲ. ಹೊಸದು ಸರಿಯಾಗಿ ಓಡುತ್ತೆ ಅಂತ ಖಾತ್ರಿ ಆಗೋವರೆಗೂ ಎತ್ತಿಟ್ಟಿರ್ತೀವಿ."

"ಕೇಳಿಸ್ಕೊಂಡ್ರಾ ಯಜಮಾನ್ರೇ? ಹೊಸ ರೂಟಿನ ಮೊದಲ ಟ್ರಿಪ್ಪು ಹಗಲು ಹೊತ್ತು, ನಾನೇ ಓಡಿಸೋದು. ನಿಮ್ಮ ಹುಡುಗ ಪಕ್ಕದಲ್ಲಿ ಕೂತು ನೋಡ್ಲಿ."

ತಮ್ಮ ಹೂಂ ಅಂದ. ಈ ಸಲ ಎಲ್ಲರ ಎದುರಿಗೆ.

ಹೊಸ ರೂಟು ಶುರುವಾದದ್ದು ಗುರುವಾರ. ಬೋರ್ಡನ್ನು ಗೇರಣ್ಣ ತಾನೇ ಹತ್ತಿ ಬಸ್ಸಿನ ನೆತ್ತಿಗೆ ಬಿಗಿದ. ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದ, ನಾನು ಕೊಟ್ಟ ಟಿಕೆಟ್ಟಿನ ಮೇಲೆಯೇ. ಸೂರ್ಯ ಇನ್ನೂ ಮೇಲಿರುವಾಗಲೇ ವಾಪಸ್ಸು ಬಂದರು. ಹೊಸ ಹುಡುಗ ಇಳಿದವನೇ ನೀರು ಕುಡಿಯಲು ಓಡಿದ.

"ಬಿತ್ತೇನೋ ಟಾಪ್ ಗೇರು?" ಎಂದೆ ಕಿಟಕಿಯಿಂದ.

"ಬಿತ್ತಕ್ಕ. ಗೇರ್ ಬಾಕ್ಸಿಗೇ ನಂಬಿಕೆ ಬರ್ಲಿಲ್ಲ." ಹೆಂಡತಿಯ ಕಡೆ ಕಣ್ಣು ಹೊರಳಿಸಿದ. "ಇವಳು ಮಾತ್ರ ನಿದ್ದೆ ಹೋಗಿದ್ಲು."

ಆಮೇಲೆ ಮತ್ತೆ ಬಸ್ಸು ಹತ್ತಿ, ತನ್ನ ಪುಟ್ಟ ಫ್ಯಾನನ್ನು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಇನ್ನು ಆ ಹುಡುಗ ಓಡಿಸ್ಲಿ ಅಕ್ಕ" ಎಂದು ಬಸ್ಸಿನ ಬೀಗದ ಕೈಯನ್ನು ಟಿಕೆಟ್ ಕಿಟಕಿಯೊಳಗೆ ನನ್ನ ಕಡೆಗೆ ತಳ್ಳಿದ. ಗೇಟಿನ ಹತ್ತಿರ ಕಸದ ತೊಟ್ಟಿಗೆ ಕೈ ಎತ್ತಿ ಮುಗಿದ. ಹೆಂಡತಿ ಮುಂದೆ, ಅವನು ಹಿಂದೆ. ಗೇರಣ್ಣ ನಮ್ಮಲ್ಲಿ ಕೆಲಸ ಬಿಟ್ಟದ್ದೂ ಅದೇ ಗುರುವಾರ.